‘ಚೋಮನ ದುಡಿ’ಯಲ್ಲಿ ಒಡೆತನ, ಒಪ್ಪಂದ ಮತ್ತು ದುಡಿಮೆ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕನ್ನಡ ಕಾದಂಬರಿಗಳ ನಡುವೆ ಪಡೆದಿರುವ ಸ್ಥಾನವು ಸರ್ವವಿದಿತವಾಗಿದೆ. ವಿಮರ್ಶಕರು ಅದನ್ನು ಸಾಮಾನ್ಯವಾಗಿ ಭೂಮಿಗಾಗಿ ಹಂಬಲಿಸಿದ ಅಸ್ಪೃಶ್ಯನ ದುರಂತವೆಂದು ವಿವರಿಸುತ್ತ ಬಂದಿದ್ದಾರೆ. ಈ ವಿವರಣೆ ಸಾಧುವಾದುದೇ ಸರಿ, ಆದರೆ ಪೂರ್ಣವಾದುದಲ್ಲ. ಚೋಮನ ಸಂಸಾರವನ್ನು ಕಬಳಿಸುವುದು ದೊರೆಯದ ಗದ್ದೆಯೊಂದೇ ಅಲ್ಲ, ಸಾಲದ ದುಡಿಮೆಯೂ ಅಹುದು. ಆದಕಾರಣ ದುಡಿಮೆಯ ಸಂಬಂಧವನ್ನು ಕುರಿತ ಸಿದ್ಧಾಂತಗಳ ಬೆಳಕಿನಲ್ಲಿ ಈ ಕೃತಿಯನ್ನು ಪರ್ಯಾಲೋಚಿಸುವುದು ಯುಕ್ತವಾಗಿದೆ.

ಮಾನವ ಸಮಾಜದ ಪ್ರಗತಿಯು ಹುಟ್ಟಿನಿಂದ ಬಂದ ಸ್ಥಾನಮಾನದಿಂದ ಸ್ವಂತ ಒಪ್ಪಂದದ ಕಡೆಗೆ ಸಾಗಿದೆಯೆಂದು ಹೆನ್ರಿ ಮೇನನು 1861ರಲ್ಲಿ ಪ್ರತಿಪಾದಿಸಿದನು. ಕಾರಂತರು ಈ ಎರಡು ಅವಸ್ಥೆಗಳನ್ನೂ ಒಂದೇ ಗುಡಿಸಲಿನೊಳಗೆ ತಂದಿರಿಸಿದ್ದಾರೆ. ಸಂಕಪ್ಪಯ್ಯನಿಗೆ ಚೋಮನು ಮೂಲದಾಳು. ಆ ಸಂಬಂಧಕ್ಕೆ ಬರಹವಿಲ್ಲ, ಅವಧಿಯಿಲ್ಲ, ಹುಟ್ಟೇ ಅದರ ಆಧಾರ. ಕಾಫಿ ತೋಟದ ಸಂಬಂಧವಾದರೋ ಬೇರೆ ಬಗೆಯದು. ಅಲ್ಲಿ ಕೊಟ್ಟ ಹಣವುಂಟು, ಲೆಕ್ಕವುಂಟು, ತೀರಿತೆಂದರೆ ಬಿಡುಗಡೆಯೆಂಬ ಮಾತುಂಟು. ಮೇನನ ಮಾತು ನಿಜವಾಗಿದ್ದರೆ ಘಟ್ಟ ಹತ್ತಿದ ಚೋಮನ ಮಕ್ಕಳು ಒಂದಿಷ್ಟಾದರೂ ಸ್ವತಂತ್ರರಾಗಬೇಕಿತ್ತು. ಆದುದೇನು? ಚನಿಯನು ಜ್ವರಕ್ಕೆ ತುತ್ತಾದನು. ಗುರುವನು ಮತವನ್ನೂ ಮನೆಯನ್ನೂ ಬಿಟ್ಟು ಹೋದನು. ಬಳಿಕ ಬೆಳ್ಳಿಯೂ ನೀಲನೂ ತೋಟಕ್ಕೆ ಹೋಗಬೇಕಾಯಿತು. ಕೊನೆಗೆ ಸಾಲವು ತೀರುವುದು ಬೆಳ್ಳಿಯ ಕೈದುಡಿಮೆಯಿಂದಲ್ಲ, ಆಕೆಯ ಮಾನದ ಬೆಲೆಯಿಂದ.

ಶಾಸನದ ಇತಿಹಾಸವನ್ನು ನೋಡಿದರೆ ಈ ಚಿತ್ರದ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. 1843ರ ಐದನೆಯ ಶಾಸನವು ಗುಲಾಮತನಕ್ಕೆ ನ್ಯಾಯಾಲಯದ ಮನ್ನಣೆಯನ್ನು ನಿಲ್ಲಿಸಿತು. 1859ರ ಹದಿಮೂರನೆಯ ಶಾಸನವೋ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವನನ್ನು ಅಪರಾಧಿಯಂತೆ ದಂಡಿಸಲು ಎಡೆಗೊಟ್ಟಿತು. ಅಂದರೆ ಒಡೆತನವು ಒಂದು ಬಾಗಿಲಿನಿಂದ ಹೊರಬಿದ್ದು ಒಪ್ಪಂದದ ವೇಷದಲ್ಲಿ ಮತ್ತೊಂದರಿಂದ ಒಳಹೊಕ್ಕಿತು. ಆ ಶಾಸನವನ್ನು 1925ರಲ್ಲಿ ರದ್ದುಗೊಳಿಸಲಾಯಿತು. ಕಾದಂಬರಿ ಪ್ರಕಟವಾದುದು ಅದರ ತರುವಾಯವೆಂಬುದು ಗಮನಾರ್ಹ. ದಂಡದ ಭಯವಿಲ್ಲದಿದ್ದರೂ ಹಸಿವು, ಋಣದ ನಿಯತ್ತು, ಜಾತಿಯ ಕಟ್ಟು ಇವೇ ಆಳನ್ನು ಹಿಡಿದಿಡಲು ಸಾಕಾಗಿದ್ದುವು. ಜೀತಪದ್ಧತಿಯ ನಿರ್ಮೂಲನಕ್ಕೆಂದು 1976ರಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತೆಂಬುದು ಇದಕ್ಕೆ ಸಾಕ್ಷಿ.

ಆಧುನಿಕರಲ್ಲಿ ಜಾನ್ ಡನ್‌ಲಪ್ 1958ರಲ್ಲಿ ಕೈಗಾರಿಕಾ ಸಂಬಂಧವನ್ನು ದುಡಿಯುವವರು, ದುಡಿಸುವವರು, ಸರ್ಕಾರ ಎಂಬ ಮೂರು ಪಕ್ಷಗಳ ವ್ಯವಸ್ಥೆಯೆಂದು ನಿರೂಪಿಸಿದರು. ಚೋಮನ ಜಗತ್ತಿನಲ್ಲಿ ಮೂರನೆಯ ಪಕ್ಷವು ಕಾಣಿಸದು. ಮೊದಲನೆಯದು ಪಕ್ಷವಾಗಿಯೇ ಕೂಡಿಲ್ಲ. ಆಲನ್ ಫಾಕ್ಸ್ 1966ರಲ್ಲಿ ವಿವರಿಸಿದ ಏಕಮುಖ ದೃಷ್ಟಿಯಲ್ಲಿ ದುಡಿಮೆಯ ತಾಣವು ಒಂದೇ ಕುಟುಂಬ, ಒಡೆಯನೇ ಅದರ ಯಜಮಾನ. ಸಂಕಪ್ಪಯ್ಯನ ಕನಿಕರವು ಇಂತಹುದು. ಅವನ ಮನಸ್ಸು ಕರಗಿದರೂ ತಾಯಿಯ ಮಾತು ಅಡ್ಡವಾಗುತ್ತದೆ. ಕುಟುಂಬದ ಧರ್ಮವು ಆಳಿಗೆ ಭೂಮಿಯನ್ನು ಕೊಡಗೊಡದು. ಒಂಟಿ ಕೆಲಸಗಾರನ ಒಪ್ಪಂದವು ನಿಜದಲ್ಲಿ ಅಧೀನತೆಯೇ ಎಂದು ಕಾನ್-ಫ್ರಾಯಿಂಡ್ 1972ರಲ್ಲಿ ತೋರಿಸಿಕೊಟ್ಟ ತತ್ತ್ವವನ್ನು ಕಾರಂತರು ಅದಕ್ಕೂ ಸುಮಾರು 40 ವರ್ಷ ಮೊದಲೇ ಕಥೆಯಾಗಿ ಕಂಡಿದ್ದರು.

ಇಲ್ಲಿ ಒಂದು ಆಕ್ಷೇಪವೇಳಬಹುದು. ಚೋಮನು ಸಂಘವನ್ನರಿಯನು, ಅವನ ಪ್ರತಿಭಟನೆಯು ದುಡಿಯ ನಾದದಲ್ಲೇ ಮುಗಿಯುತ್ತದೆ. ಕಯ್ಯೂರಿನ ರೈತರನ್ನು ಕುರಿತ ನಿರಂಜನರ ‘ಚಿರಸ್ಮರಣೆ’ (1955) ಕೂಡಿ ನಿಂತವರ ಕಥೆಯಾಗಿರುವುದರಿಂದ ಅದೇ ಮೇಲೆನ್ನಬಹುದೇ? ಹಾಗೆನ್ನುವುದು ಸರಿಯಾಗದು. ಕೂಡುವ ಶಕ್ತಿ ಎಲ್ಲಿ ಕಡಿದುಹೋಗಿದೆಯೆಂಬುದನ್ನು ತೋರಿಸುವುದೂ ಕಾವ್ಯದ ಕಾರ್ಯವೇ. ದುಡಿಯ ಒಂಟಿತನವು ಕೃತಿಯ ದೋಷವಲ್ಲ. ಅದೇ ಅದರ ನಿರ್ಣಯ.

ಈ ವಿಚಾರವು ಗತಕಾಲಕ್ಕಷ್ಟೇ ಸೇರಿದುದಲ್ಲ. ಶಿರ್ವ, ಕಾಪು, ಕಾರ್ಕಳಗಳ ಪರಿಸರದಲ್ಲಿ ಎಷ್ಟೋ ಮನೆಗಳ ಹೆಂಗಸರು ಎಲೆ, ಹೊಗೆಸೊಪ್ಪುಗಳನ್ನು ತಂದು ಜಗಲಿಯ ಮೇಲೆ ಕುಳಿತು ಬೀಡಿ ಕಟ್ಟಿದವರು. ಒಡೆಯನು ಕಣ್ಣಿಗೆ ಕಾಣನು, ನಡುವೆ ಗುತ್ತಿಗೆದಾರನುಂಟು. ಗುತ್ತಿಗೆದಾರನ ಕೈಕೆಳಗಿನವರು ಕಾರ್ಖಾನೆಯ ಕೆಲಸಗಾರರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ಚಿಂತಾಮಣರಾವ್ ಮೊಕದ್ದಮೆಯಲ್ಲಿ ಹೇಳಿತ್ತು. 1966ರ ಬೀಡಿ ಕೆಲಸಗಾರರ ಶಾಸನವು ಮನೆಯಲ್ಲಿ ದುಡಿಯುವವರನ್ನೂ ನೌಕರರ ಪಂಕ್ತಿಗೆ ಸೇರಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು 1974ರಲ್ಲಿ ಆ ಶಾಸನವನ್ನು ಎತ್ತಿಹಿಡಿಯಿತು. ಒಡೆಯನಾರು, ಆಳಾರು ಎಂಬುದನ್ನು ಒಪ್ಪಂದದ ಮಾತಿನಿಂದ ತಿಳಿಯದೆ ದುಡಿಮೆಯ ವಾಸ್ತವದಿಂದ ತಿಳಿಯಬೇಕೆಂಬ ವಿವೇಕವು ಇದರಲ್ಲಿದೆ.

ಕಾದಂಬರಿಯು ಶಾಸನವಲ್ಲ, ಪರಿಹಾರವನ್ನು ವಿಧಿಸುವುದು ಅದರ ಕೆಲಸವೂ ಅಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಸಾಲವೆಂದು ಬರೆದುದು ಗುಡಿಸಲಿನಲ್ಲಿ ಏನಾಗಿ ಪರಿಣಮಿಸುತ್ತದೆಂಬುದನ್ನು ಅದು ತೋರಿಸಬಲ್ಲುದು. ‘ಚೋಮನ ದುಡಿ’ಯನ್ನು ಬೋಧಿಸುವವರು ಭೂಮಿಯ ಹಂಬಲದೊಡನೆ ಈ ಲೆಕ್ಕವನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ ಕೃತಿಗೆ ಪೂರ್ಣನ್ಯಾಯ ಸಲ್ಲುವುದು.