ಫ್ಲ್ಯಾನರಿ ಒಕಾನರಳ ಒಂದು ಕಥೆ: ಕನ್ಯಾಶೀಲವೂ ಬಾಲಭಕ್ತಿಯೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗವು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೋತು, ಅಲ್ಲಿ ಗುಲಾಮಗಿರಿಯು ರದ್ದಾದ ಮೇಲೆಯೂ, ಬಿಳಿಯ ಕುಲೀನರು ತಮ್ಮ ಸ್ತ್ರೀಯರಿಗಾಗಿ ಕಲ್ಪಿಸಿಕೊಂಡಿದ್ದ ಆದರ್ಶವು ಬಹುಕಾಲ ಸಡಿಲವಾಗಲಿಲ್ಲ. ಮೃದುಭಾಷಣ, ಅತಿಥಿಸತ್ಕಾರ, ಶೀಲರಕ್ಷಣೆ, ಪುರುಷರೆದುರಿಗೆ ಬುದ್ಧಿಯನ್ನು ಮರೆಸಿಕೊಳ್ಳುವ ಜಾಣ್ಮೆ, ಇವು ಅದರ ಅಂಗಗಳು. ಈ ಅಚ್ಚಿಗೆ ಒಗ್ಗದ ಬಾಲಿಕೆಯೊಬ್ಬಳಲ್ಲಿ ದೈವಭಕ್ತಿಯು ಯಾವ ರೂಪವನ್ನು ತಾಳುವುದೆಂಬುದನ್ನು ಜಾರ್ಜಿಯಾ ಸಂಸ್ಥಾನದ ಫ್ಲ್ಯಾನರಿ ಒಕಾನರ್ (1925–1964) ‘ಪವಿತ್ರಾತ್ಮನ ದೇವಾಲಯ’ ಎಂಬರ್ಥದ ಹೆಸರುಳ್ಳ ಕಥೆಯಲ್ಲಿ ನಿರೂಪಿಸಿದ್ದಾಳೆ. ಇದು 1955ರಲ್ಲಿ ಪ್ರಕಟವಾದ ಆಕೆಯ ಮೊದಲನೆಯ ಕಥಾಸಂಗ್ರಹದಲ್ಲಿದೆ. ಪ್ರಾಟೆಸ್ಟೆಂಟರೇ ತುಂಬಿದ ನಾಡಿನಲ್ಲಿ ಈಕೆಯು ಕ್ಯಾಥೊಲಿಕ್ ಮತದವಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕನ್ಯಾಮಠದ ಶಾಲೆಯಲ್ಲಿ ಓದುವ ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರು ಬಂಧುಗಳ ಮನೆಗೆ ಬರುತ್ತಾರೆ. ಮಠದ ಉಡುಪನ್ನು ಕಳಚಿದ ಕ್ಷಣದಿಂದ ಅವರಿಗೆ ಕನ್ನಡಿಯೇ ಲೋಕ. ಯುವಕನೊಬ್ಬನು ಮರ್ಯಾದೆ ಮೀರಿದರೆ ತಾವು ಪವಿತ್ರಾತ್ಮನ ದೇವಾಲಯವೆಂದು ಹೇಳಿ ಅವನನ್ನು ತಡೆಯಬೇಕೆಂದು ಸನ್ಯಾಸಿನಿಯೊಬ್ಬಳು ಕಲಿಸಿದ್ದನ್ನು ನೆನೆದು ಅವರು ಬಿದ್ದು ಬಿದ್ದು ನಗುತ್ತಾರೆ. ಆ ಮನೆಯ ಹನ್ನೆರಡು ವರ್ಷದ ಮಗಳು ಮಾತ್ರ ನಗುವುದಿಲ್ಲ. ಯಾರೋ ಕಾಣಿಕೆ ಕೊಟ್ಟರೆಂಬಂತೆ ಆ ಮಾತನ್ನು ಒಳಗಿಟ್ಟುಕೊಳ್ಳುತ್ತಾಳೆ. ಕಥೆಯ ಜೀವವು ಇಲ್ಲಿದೆ.

ದೇಹವನ್ನು ದೇಗುಲವೆಂದೊಡನೆ ನಮಗೆ ಬಸವಣ್ಣನವರ ನೆನಪಾಗುವುದು ಸಹಜ. ಆದರೆ ಅಲ್ಲಿ ಅದು ಉಳ್ಳವರ ಕಟ್ಟಡಕ್ಕೆ ಬಡವನು ಕೊಟ್ಟ ಉತ್ತರ. ಇಲ್ಲಿಯ ಮಾತಿನ ಮೂಲವು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿದ್ದು, ಅಲ್ಲಿ ಅದು ಜಾರತ್ವದ ನಿಷೇಧದೊಡನೆ ಬರುತ್ತದೆ. ದಕ್ಷಿಣದ ಹಿರಿಯರ ಬಾಯಲ್ಲಿ ಅದು ಕನ್ಯೆಯ ಸುತ್ತಣ ಬೇಲಿಯಾಯಿತು.

ಬಾಲಿಕೆಯ ಭಕ್ತಿಯಾದರೋ ಶುದ್ಧವಾದುದಲ್ಲ. ತಾನು ಸುಳ್ಳುಗಾತಿ, ಗರ್ವಿಷ್ಠೆ, ಆದ್ದರಿಂದ ಸಂತಪದವಿ ಎಟುಕದು. ಬೇಗನೆ ಕೊಲ್ಲುವುದಾದರೆ ಮತಕ್ಕಾಗಿ ಪ್ರಾಣವನ್ನು ಕೊಡಬಹುದು ಎಂದು ಅವಳ ಲೆಕ್ಕ! ಪರಮತದಲ್ಲಿ ಹುಟ್ಟಲಿಲ್ಲವೆಂದು ದೇವರಿಗೆ ಕೃತಜ್ಞತೆ ಬೇರೆ. ದೇವತಾವಿಷಯಕವಾದ ರತಿಯನ್ನು ಮಮ್ಮಟನು ರಸವೆನ್ನದೆ ಭಾವವೆಂದನು. ರೂಪಗೋಸ್ವಾಮಿಯು ಅದನ್ನೇ ರಸಗಳಲ್ಲಿ ಮುಖ್ಯವೆಂದನು. ಈ ಕಥೆಯಲ್ಲಿ ಭಕ್ತಿಯು ತಲೆಯೆತ್ತಿದಾಗಲೆಲ್ಲ ಹಾಸ್ಯವು ಬಂದು ಸೇರುವುದರಿಂದ, ಹಾಸ್ಯವು ಭಕ್ತಿಗೆ ವಿಘ್ನವೆಂದು ತೋರಬಹುದು. ನಮಗೆ ಹಾಗೆ ಕಾಣುವುದಿಲ್ಲ. ಸ್ತ್ರೀಯೋಚಿತವಾದ ಮೌನವನ್ನು ಒಲ್ಲದ ಆ ಕೊಂಕುಬುದ್ಧಿಯೇ ಉಪದೇಶವಾಕ್ಯವನ್ನು ಸವೆದ ನಾಣ್ಯದಂತೆ ಬಳಸದೆ ವಾಚ್ಯಾರ್ಥದಲ್ಲಿಯೇ ಹಿಡಿಯುತ್ತದೆ. ಹಿಡಿದ ಮೇಲೆ ಬೇಲಿಯು ನಿಲ್ಲುವುದಿಲ್ಲ. ಮನೆಯಲ್ಲಿ ಬಾಡಿಗೆಗಿರುವ, ಎಲ್ಲರ ನಗೆಗೆ ಪಾತ್ರಳಾದ ಒಂಟಿ ಉಪಾಧ್ಯಾಯಿನಿಯೂ ದೇವಾಲಯವೇ ಎಂದು ಹುಡುಗಿಗೆ ಹೊಳೆಯುತ್ತದೆ. ಜಾತ್ರೆಯ ಡೇರೆಯಲ್ಲಿ ಸ್ತ್ರೀಪುರುಷಲಕ್ಷಣಗಳೆರಡೂ ಉಳ್ಳ ವ್ಯಕ್ತಿಯೊಬ್ಬನು, ದೇವರು ತನ್ನನ್ನು ಹೀಗೆಯೇ ಮಾಡಿದನು, ತನಗೆ ತಕರಾರಿಲ್ಲ ಎಂದು ಹೇಳಿದನೆಂದು ಕೇಳಿ, ಅವನೂ ದೇವಾಲಯವೆಂದು ಅರೆನಿದ್ರೆಯಲ್ಲಿ ಭಾವಿಸುತ್ತಾಳೆ. ಗಂಡೋ ಹೆಣ್ಣೋ ಎಂದು ನಿಶ್ಚಯಿಸಲಾಗದ ದೇಹಕ್ಕೆ ಕನ್ಯಾಶೀಲದ ಮಾತು ಸಲ್ಲುವುದಾದರೆ, ಆ ಮಾತು ಇನ್ನು ಕನ್ಯೆಯರ ಕಾವಲಿಗೆ ಮಾತ್ರ ಮೀಸಲಲ್ಲ. ಮರುದಿನ ಮಠದ ಪೂಜೆಯಲ್ಲಿ ಪರಮಪ್ರಸಾದವನ್ನು ಎತ್ತಿ ಹಿಡಿದಾಗ ಅವಳಿಗೆ ನೆನಪಾಗುವುದು ಆ ಡೇರೆಯ ಮಾತೇ. ಅತ್ತ ಊರಿನ ಪಾದ್ರಿಗಳು ಪೋಲೀಸರ ಮೂಲಕ ಜಾತ್ರೆಯನ್ನು ಮುಚ್ಚಿಸುತ್ತಾರೆ.

ಕಥೆಯನ್ನು ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಆದರೆ ನಡುವೆ ಒಂದು ಸಂದರ್ಭವಿದೆ. ಅತಿಥಿಗಳೊಡನೆ ಉಣ್ಣಲೊಲ್ಲದೆ ಹುಡುಗಿಯು ಅಡುಗೆಮನೆಗೆ ಹೋಗುತ್ತಾಳೆ. ಅಲ್ಲಿ ಕರಿಯ ಜನಾಂಗದ ಅಡುಗೆಯವಳು ಅವಳ ದುರ್ನಡತೆಗೆ ಕಾರಣವೇನೆಂದು ನೇರವಾಗಿ ಕೇಳುತ್ತಾಳೆ. ದೇವರ ಶಿಕ್ಷೆಯನ್ನೂ ನೆನಪಿಗೆ ತರುತ್ತಾಳೆ. ದಕ್ಷಿಣದ ಸ್ತ್ರೀಯ ಮೃದುತ್ವವು ಇಂಥವರ ದುಡಿಮೆಯ ಮೇಲೆ ನಿಂತಿತ್ತು. ಬಿಳಿಯ ಹೆಣ್ಣಿನ ಮಾನರಕ್ಷಣೆಯ ನೆಪದಲ್ಲಿ ಎಷ್ಟೋ ಮಂದಿ ಕರಿಯ ಪುರುಷರನ್ನು ಗುಂಪುಗೂಡಿ ಕೊಂದದ್ದೂ ಉಂಟು. ಉಪಾಧ್ಯಾಯಿನಿಗೂ ಡೇರೆಯ ವ್ಯಕ್ತಿಗೂ ಹಬ್ಬಿದ ಆ ಮಾತು ಅಡುಗೆಯವಳನ್ನು ಮುಟ್ಟುವುದಿಲ್ಲ. ಬಾಲಿಕೆಯ ದೃಷ್ಟಿಯೇ ಅಷ್ಟು ಕಿರಿದೆಂದು ಸಮಾಧಾನ ಹೇಳಬಹುದು. ಆದರೆ ಅವಳ ಉಳಿದೆಲ್ಲ ದೋಷಗಳನ್ನೂ ಬಯಲಿಗೆಳೆದು ನಗುವ ಗ್ರಂಥಕರ್ತ್ರಿಯು ಈ ಒಂದನ್ನು ಕಂಡಂತೆ ಯಾವ ಸೂಚನೆಯನ್ನೂ ಕೊಟ್ಟಿಲ್ಲ.