ಸೋಡಿಯಂಗೆ ದಾರಿ ಬಿಡುವ ಹರಳು

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು ನಾಡಿನ ವಿದ್ಯುತ್ ಚರಿತ್ರೆಯ ಹೆಮ್ಮೆ. ವಿದ್ಯುತ್ತನ್ನು ಹೀಗೆ ಸಾಗಿಸುವುದಕ್ಕಿಂತ ಅದನ್ನು ಕೂಡಿಡುವ ವಿದ್ಯೆ ನಾಜೂಕಿನದು. ಆ ವಿದ್ಯೆಯಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ರೂಪಿಸಿದ, 2025ರಲ್ಲಿ ಸುದ್ದಿಯಾದ ಸೋಡಿಯಂ ಬ್ಯಾಟರಿಯ ಋಣಾಗ್ರ ಮನಸಾರೆ ಮೆಚ್ಚಬೇಕಾದ ಕುಶಲತೆ.

ಸೋಡಿಯಂ ಅಡುಗೆ ಉಪ್ಪಿನಲ್ಲೇ ಇರುವ, ಎಲ್ಲೆಡೆ ಸಿಗುವ ಧಾತು. ಆದರೆ ಅದರ ಅಯಾನು, ಎಂದರೆ ವಿದ್ಯುದಂಶ ಹೊತ್ತ ಪರಮಾಣು, ಲಿಥಿಯಂನದಕ್ಕಿಂತ ದಪ್ಪ; ಲಿಥಿಯಂ ಬ್ಯಾಟರಿಗಳ ಗ್ರಾಫೈಟ್ ಋಣಾಗ್ರದ ಪದರಗಳಲ್ಲಿ ಅದು ಸುಲಭವಾಗಿ ನೆಲೆಸುವುದೂ ಇಲ್ಲ. ಆದ್ದರಿಂದ ತಂಡವು ನಾಸಿಕಾನ್ ಎಂಬ ಹರಳಿನ ರಚನೆಯನ್ನು ಆರಿಸಿತು. ಇದರಲ್ಲಿ ಫಾಸ್ಫೇಟ್ ಮತ್ತು ಲೋಹದ ಘಟಕಗಳು ಮೂಲೆಗಳಲ್ಲಿ ಮಾತ್ರ ಬೆಸೆದುಕೊಂಡು, ನಡುವೆ ಸೋಡಿಯಂ ಓಡಾಡುವಷ್ಟು ಅಗಲದ ಹಾದಿಗಳನ್ನು ಉಳಿಸುತ್ತವೆ.

ಕೈಚಳಕ ಕಾಣುವುದು ಮುಂದಿನ ಹದದಲ್ಲಿ. ನಯೋಬಿಯಂ, ವನೇಡಿಯಂಗಳಿದ್ದ ಹರಳಿಗೆ ಸ್ವಲ್ಪವೇ ಅಲ್ಯೂಮಿನಿಯಂ ಸೇರಿಸಿ ಅದನ್ನು ಸ್ಥಿರಗೊಳಿಸಲಾಯಿತು. ಅಯಾನಿನ ದಾರಿ ಮೊಟಕಾಗಲೆಂದು ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಲಾಯಿತು. ಫಾಸ್ಫೇಟಿನಲ್ಲಿ ಎಲೆಕ್ಟ್ರಾನುಗಳ ಹರಿವು ಮಂದವಾದ್ದರಿಂದ ಪ್ರತಿ ಕಣಕ್ಕೂ ಇಂಗಾಲದ ತೆಳು ಹೊದಿಕೆ ಹೊದಿಸಲಾಯಿತು. ಹೀಗೆ ಆರೇ ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುವ, 3000ಕ್ಕೂ ಹೆಚ್ಚು ಬಾರಿ ಚಾರ್ಜ್ ಮಾಡಬಹುದಾದ ಬ್ಯಾಟರಿ ಪ್ರಯೋಗಾಲಯದಲ್ಲಿ ಸಿದ್ಧಿಸಿತು. ಸೋಡಿಯಂ ಅಗ್ಗವಾದರೂ ನಯೋಬಿಯಂ ಮತ್ತು ವನೇಡಿಯಂ ಅಗ್ಗವಲ್ಲ. ಅವುಗಳ ಪಾಲನ್ನು ತಗ್ಗಿಸಿಯೂ ಇದೇ ವೇಗವನ್ನು ಉಳಿಸಿಕೊಳ್ಳುವುದು ಈ ಕಸುಬಿನ ಮುಂದಿರುವ ಕೆಲಸ.