ರೋಗಿಯ ಮಾತು ಅಂಕಿಯಾದಾಗ

ಆಸ್ಪತ್ರೆ ನಿರ್ವಹಣೆಯ ಸಂಶೋಧನಾ ಪತ್ರಿಕೆಗಳನ್ನು ಓದುವುದು ಈಗ ನನ್ನ ದಿನನಿತ್ಯದ ಕೆಲಸ. ಸೇವೆಯ ಗುಣಮಟ್ಟದ ಕುರಿತ ಲೇಖನಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು: ಒಂದು ಪ್ರಶ್ನಾವಳಿ, ಐದು ಅಥವಾ ಏಳರೊಳಗಿನ ಅಂಕ, ಸರಾಸರಿ, ಕೊನೆಗೆ ಆಡಳಿತಕ್ಕೊಂದಿಷ್ಟು ಸಲಹೆ.

ಈ ಅಚ್ಚು ಎಲ್ಲಿಂದ ಬಂತು? ಹೆಚ್ಚು ಬಳಕೆಯಲ್ಲಿರುವ ‘ಸರ್ವ್‌ಕ್ವಾಲ್’ ಮಾಪನವನ್ನು ಪರಸುರಾಮನ್, ಝೈಥಮಲ್ ಮತ್ತು ಬೆರ್ರಿ 1988ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಗ್ರಾಹಕರ ನಿರೀಕ್ಷೆಗೂ ಅನುಭವಕ್ಕೂ ಇರುವ ಅಂತರವನ್ನು ಅದು 22 ಹೇಳಿಕೆಗಳ ಮೂಲಕ ಅಳೆಯುತ್ತದೆ. ಅದನ್ನು ರೂಪಿಸಿದ್ದು ಬ್ಯಾಂಕು, ಕ್ರೆಡಿಟ್ ಕಾರ್ಡು, ದೂರವಾಣಿ, ರಿಪೇರಿಯಂಥ ಸೇವೆಗಳ ಗ್ರಾಹಕರನ್ನು ಕೇಳಿ. ಆಸ್ಪತ್ರೆಗೆ ಹೊಂದುವಂತೆ ತಿದ್ದಿದವರು ಆಮೇಲೆ ಬಂದರು. 1992ರಲ್ಲಿ ಕ್ರೋನಿನ್ ಮತ್ತು ಟೇಲರ್, ನಿರೀಕ್ಷೆಯನ್ನು ಬಿಟ್ಟು ಅನುಭವವನ್ನಷ್ಟೇ ಅಳೆದರೆ ಸಾಕೆಂದು ವಾದಿಸಿದರು. ಆದರೂ ಎದೆನೋವೆಂದು ಬಂದವರನ್ನೂ ಫ್ರಿಜ್ ರಿಪೇರಿಗೆ ಕೊಟ್ಟವರನ್ನೂ ಒಂದೇ ಬಗೆಯ ಗ್ರಾಹಕರೆಂದು ಕಾಣಬಹುದೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಅಳತೆಯೇ ಬೇಡವೆಂದು ನಾನು ಹೇಳಲಾರೆ. ಒಬ್ಬರ ದೂರನ್ನು ಆಡಳಿತ ಸುಲಭವಾಗಿ ತಳ್ಳಿಹಾಕುತ್ತದೆ. ಸಾವಿರ ಜನರ ಅಂಕವನ್ನು ಮುಂದಿಟ್ಟು ಹೆಚ್ಚು ದಾದಿಯರನ್ನು ಕೇಳಬಹುದು. ಆದರೆ ‘ವೈದ್ಯರು ನನ್ನ ಮಾತು ಕೇಳಿಸಿಕೊಂಡರು’ ಎಂಬುದಕ್ಕೆ ನಾಲ್ಕು ಅಂಕ ಕೊಟ್ಟವರಲ್ಲಿ ಒಬ್ಬರು ನಿಜಕ್ಕೂ ತೃಪ್ತರಿರಬಹುದು, ಒಬ್ಬರು ನಾಳೆ ಅದೇ ವೈದ್ಯರ ಬಳಿ ಬರಬೇಕಲ್ಲ ಎಂದು ಅಂಜಿದವರಿರಬಹುದು, ಇನ್ನೊಬ್ಬರು ಉಚಿತ ಚಿಕಿತ್ಸೆಯ ಹಂಗಿನಲ್ಲಿರಬಹುದು. ಸರಾಸರಿಯಲ್ಲಿ ಮೂವರೂ ಒಂದೇ. ಯಾರು, ಯಾರೆದುರು, ಯಾವ ಸನ್ನಿವೇಶದಲ್ಲಿ ಆಡಿದ ಮಾತು ಎಂದು ಕೇಳುವುದು ಸಾಹಿತ್ಯದ ಓದುಗರಿಗೆ ಅಭ್ಯಾಸವಾದದ್ದೇ.

ಈ ಕೊರತೆಯನ್ನು ಗುರುತಿಸಿದವರಿದ್ದಾರೆ. ಗುಣಾತ್ಮಕ ಸಂಶೋಧನೆಗೆ ಆದ್ಯತೆಯಿಲ್ಲವೆಂಬ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯ ಧೋರಣೆಯನ್ನು ಪ್ರಶ್ನಿಸಿ 2016ರಲ್ಲಿ 11 ದೇಶಗಳ 76 ವಿದ್ವಾಂಸರು ಬಹಿರಂಗ ಪತ್ರ ಬರೆದರು. ಚಿಕಿತ್ಸೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು 1966ರಲ್ಲಿ ವಿಂಗಡಿಸಿ ಈ ಕ್ಷೇತ್ರಕ್ಕೆ ತಳಪಾಯ ಹಾಕಿದ ಅವೆಡಿಸ್ ಡೊನಾಬೇಡಿಯನ್, ಬದುಕಿನ ಕೊನೆಯಲ್ಲಿ ಸ್ವತಃ ಕ್ಯಾನ್ಸರ್ ರೋಗಿಯಾಗಿ ಕೊಟ್ಟ ಸಂದರ್ಶನದಲ್ಲಿ ಗುಣಮಟ್ಟದ ಗುಟ್ಟು ಪ್ರೀತಿಯಲ್ಲಿದೆ ಎಂಬರ್ಥದ ಮಾತು ಹೇಳಿದರು. ಅದು 2001ರಲ್ಲಿ ‘ಹೆಲ್ತ್ ಅಫೇರ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಮೂರು ವಿಂಗಡಣೆಗಳು ನನಗೆ ಮತ್ತೆ ಮತ್ತೆ ಎದುರಾಗುತ್ತವೆ, ಈ ಮಾತು ಅಪರೂಪಕ್ಕೆ.

ಪ್ರೀತಿಯನ್ನು ಇಪ್ಪತ್ಮೂರನೆಯ ಹೇಳಿಕೆಯಾಗಿ ಸೇರಿಸಿದರೆ ಪ್ರಯೋಜನವಿಲ್ಲ. ಪ್ರಶ್ನೆ ಕೇಳಿದವರು ಯಾರು, ಯಾವ ಭಾಷೆಯಲ್ಲಿ, ಹಾಸಿಗೆಯ ಪಕ್ಕದಲ್ಲೋ ಮನೆಗೆ ಹೋದ ಮೇಲೋ ಎಂಬುದನ್ನು ಪ್ರತಿ ಲೇಖನವೂ ಹೇಳಲಿ. ಅಂಕದ ಜೊತೆಗೆ ಕೆಲವರ ಮಾತನ್ನಾದರೂ ಅವರ ನುಡಿಯಲ್ಲೇ ಕೊಡಲಿ. ನನ್ನ ಮಹಾಪ್ರಬಂಧದ ವಿಧಾನದ ಅಧ್ಯಾಯವನ್ನು ಸದ್ಯ ಹೀಗೆ ಬರೆಯುತ್ತಿದ್ದೇನೆ.